ದೊಡ್ಡವರಿಲ್ಲದ ಮೂಲೆ

ಮೊನ್ನೆ ಸ್ವೋರ್ಡ್ಸ್‌ನಿಂದ ಡಬ್ಲಿನ್ ಸಿಟಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕಾಗದದ ಪೊಟ್ಟಣ ಬಿಚ್ಚಿ ಕೆಂಪು ಗೆರೆಯ ಮಿಠಾಯಿಯೊಂದನ್ನು ಬಾಯಿಗೆ ಹಾಕಿಕೊಂಡಳು. ಗಮ್ಮೆಂದು ಲವಂಗದ ವಾಸನೆ ಬಂತು. ಐರ್ಲೆಂಡಿನ ಮುದುಕರು ಇಷ್ಟಪಟ್ಟು ಚೀಪುವ ಮಿಠಾಯಿ ಅದು. ಲವಂಗ ಎಂದರೆ ನಮ್ಮ ಕಡೆಯವರಿಗೆ ಪಲಾವೋ ಹಲ್ಲುನೋವೋ ನೆನಪಾಗಬೇಕು. ನನಗೆ ನೆನಪಾಗುವುದು ಒಂದು ಒದ್ದೆ ಉಣ್ಣೆಯ ಕೋಟು, ಅದರ ಜೇಬಿನ ತಳಕ್ಕೆ ಅಂಟಿಕೊಂಡ ಮಿಠಾಯಿ, ಅದನ್ನು ನೂಲಿನ ಎಳೆ ಸಮೇತ ಕಿತ್ತು ನನ್ನ ಕೈಗಿಡುತ್ತಿದ್ದ ಪಕ್ಕದ ಮನೆಯ ಅಜ್ಜ... ನಾನು ಇಳಿಯಬೇಕಾದ ಸ್ಟಾಪ್ ಯಾವಾಗ ದಾಟಿತೋ ತಿಳಿಯಲಿಲ್ಲ.

ಆಗ ನಾವಿದ್ದದ್ದು ಡಬ್ಲಿನ್ನಿನ ಉತ್ತರಕ್ಕೆ, ಊರಿನ ಹಳೆಯ ಸ್ಮಶಾನದ ಗೋಡೆಗೆ ತಾಗಿದ ಬೀದಿಯಲ್ಲಿ. ಬಾಡಿಗೆ ಮನೆಗಾಗಿ ತಿಂಗಳುಗಟ್ಟಲೆ ಅಲೆದು, ಮನೆ ನೋಡಲು ಕರೆದಲ್ಲೆಲ್ಲ ಮಳೆಯಲ್ಲಿ ಕ್ಯೂ ನಿಂತು, ಕೊನೆಗೆ ಸಿಕ್ಕಿದ್ದು ಅದೊಂದೇ. ನನ್ನ ಗಂಡ ಲುವಾಸ್ ಟ್ರಾಮ್ ಹಿಡಿದು ಸ್ಯಾಂಡಿಫರ್ಡ್‌ನ ಆಫೀಸಿಗೆ ಹೋಗುತ್ತಿದ್ದ. ನನ್ನ ಕೆಲಸ ಏರ್‌ಪೋರ್ಟಿನ ಹತ್ತಿರ. "ಸ್ಮಶಾನದ ಪಕ್ಕ ಯಾರಾದ್ರೂ ಮನೆ ಮಾಡ್ತಾರೇನೇ?" ಎಂದು ದಾವಣಗೆರೆಯಿಂದ ಅಮ್ಮ ಫೋನಿನಲ್ಲೇ ಬೈದಿದ್ದರು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಗೋಡೆಯಾಚೆ ಕಲ್ಲಿನ ಶಿಲುಬೆಗಳ ತಲೆಗಳು ಕಾಣುತ್ತಿದ್ದವು. ಬಹಳ ದಿನ ನಾನು ಆ ಕಿಟಕಿಗೆ ಪರದೆ ಎಳೆದೇ ಇಟ್ಟಿದ್ದೆ.

ಅಜ್ಜ ಮೊದಲು ಬಾಗಿಲು ತಟ್ಟಿದ್ದು ನಾವು ತಪ್ಪು ದಿನ ತಪ್ಪು ಕಸದ ಡಬ್ಬಿ ಹೊರಗಿಟ್ಟಿದ್ದಕ್ಕೆ. ಉದ್ದನೆಯ, ಬಾಗಿದ ಬೆನ್ನಿನ ಮನುಷ್ಯ. ಸಿಟಿ ಬಸ್ಸಿನಲ್ಲಿ ಮೊದಲು ಕಂಡಕ್ಟರ್, ಆಮೇಲೆ ಡ್ರೈವರ್ ಆಗಿದ್ದು ರಿಟೈರ್ ಆದವರು. ಹೆಂಡತಿ ತೀರಿಹೋಗಿದ್ದರು. ಮಕ್ಕಳಿಲ್ಲ ಎಂದಷ್ಟೇ ನಮಗೆ ಗೊತ್ತಿತ್ತು. ತಾತನ ವಯಸ್ಸಿನವರನ್ನು ನಿಮ್ಮಲ್ಲಿ ಏನೆಂದು ಕರೆಯುತ್ತೀರಿ ಎಂದು ಒಮ್ಮೆ ಕೇಳಿದರು. ಅಂದಿನಿಂದ ಅವರು ನಮಗೆ ಅಜ್ಜ. ಅವರ ಬಾಯಲ್ಲಿ ಅದು 'ಆಜಾ' ಆಗುತ್ತಿತ್ತು. ಅವರು ಆಡಿದ್ದೆಲ್ಲ ಇಂಗ್ಲಿಷೇ. ಆದರೆ ಇಷ್ಟು ವರ್ಷ ನನ್ನೊಳಗೇ ಉಳಿದು ಉಳಿದು ಆ ಮಾತುಗಳು ಈಗ ಕನ್ನಡದಲ್ಲೇ ಕೇಳಿಸುತ್ತವೆ.

ಅಜ್ಜನ ದಿನಗಳೆಲ್ಲ ಆ ಸ್ಮಶಾನದಲ್ಲೇ ಕಳೆಯುತ್ತಿದ್ದವು. ಅದು ಸಾಮಾನ್ಯ ಸ್ಮಶಾನವಲ್ಲ. ದೇಶ ಕಟ್ಟಿದವರು, ಗುಂಡಿಗೆ ಎದೆಯೊಡ್ಡಿದವರು, ಕವಿಗಳು, ಹಾಡುಗಾರರು ಮಲಗಿರುವ ಜಾಗ. ನೋಡಲು ದೂರದಿಂದ ಬಸ್ಸು ಮಾಡಿಕೊಂಡು ಬರುತ್ತಾರೆ. ಒಳಗೆ ಟಿಕೆಟ್ ಕೊಟ್ಟು ಕರೆದೊಯ್ಯುವ ಸರಿಯಾದ ಗೈಡುಗಳಿದ್ದರು. ಅಜ್ಜ ಅವರ ಪೈಕಿ ಅಲ್ಲ. ಗೇಟಿನ ಬಳಿ ನಿಂತು, ದಿಕ್ಕು ತೋಚದೆ ನಿಂತವರನ್ನು ಮಾತಿಗೆಳೆದು, ಪುಕ್ಕಟೆಯಾಗಿ ಸುತ್ತಿಸುತ್ತಿದ್ದರು. ಗೈಡುಗಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣವೂ ಇತ್ತು. ಅಜ್ಜ ಸುಳ್ಳು ಹೇಳುತ್ತಿದ್ದರು. ಲಕ್ಷ ಜನರ ಮುಂದೆ ಭಾಷಣ ಮಾಡಿದ ನಾಯಕನೊಬ್ಬ ಸಾಯುವಾಗ ಏನು ಹೇಳಿದ ಎಂಬುದು ಅಮೆರಿಕದವರಿಗೆ ಒಂದು ಥರ, ಶಾಲೆಯ ಮಕ್ಕಳಿಗೆ ಇನ್ನೊಂದು ಥರ. ನಮ್ಮಿಬ್ಬರನ್ನು ಒಂದು ಭಾನುವಾರ ಕರೆದುಕೊಂಡು ಹೋದಾಗ ಆತ ಸಾಯುವ ಮುಂಚೆ ಇಂಡಿಯಾದ ಬಗ್ಗೆ ಕೇಳಿದನಂತೆ!

"ನಿಜವಾ ಅಜ್ಜ?" ಎಂದೆ.

"ಅವನೇನು ಎದ್ದು ಬಂದು ತಿದ್ದುತ್ತಾನಾ?" ಎಂದರು.

ಹೆಣ ಕದಿಯುವವರಿಂದ ಗೋರಿಗಳನ್ನು ಕಾಯಲು ಹಿಂದಿನವರು ಗೋಡೆಯ ಮೂಲೆಗಳಲ್ಲಿ ಕಟ್ಟಿದ ಕಾವಲುಗೋಪುರಗಳನ್ನು ತೋರಿಸಿದರು. ಸತ್ತು ಒಂದು ಆಯಸ್ಸೇ ಕಳೆದರೂ ಹೂವು ತಪ್ಪದ ಸೇನಾನಿಯೊಬ್ಬನ ಗೋರಿ ತೋರಿಸಿದರು. ಹೊಟ್ಟೆಪಾಡಿಗೆ ಬೀದಿಯಲ್ಲಿ ಹಾಡಿ, ಸತ್ತ ಮೇಲೆ ದೊಡ್ಡ ಹೆಸರು ಮಾಡಿದ ಹಾಡುಗಾರನ ಕಲ್ಲಿನ ಮುಂದೆ ನಿಂತು ಎರಡು ಸಾಲು ಹಾಡಿಯೂ ಬಿಟ್ಟರು. ವಾಪಸು ಬರುವಾಗ ತಗ್ಗು ಬೇಲಿಯ ಆಚೆ ಒಂದು ಹುಲ್ಲಿನ ಜಾಗ ಕಂಡಿತು. ಕಲ್ಲುಗಳಿಲ್ಲ, ಗಾಳಿಗೆ ತಿರುಗುವ ಕಾಗದದ ಗಿರಗಟ್ಟೆಗಳು ಮಾತ್ರ ಅಲ್ಲಲ್ಲಿ. ಅದೇನು ಎಂದು ನನ್ನ ಗಂಡ ಕೇಳಿದ.

"ಅಲ್ಲಿ ದೊಡ್ಡವರು ಯಾರೂ ಇಲ್ಲ," ಎಂದು ಅಜ್ಜ ನಮ್ಮನ್ನು ಬೇರೆ ದಾರಿಗೆ ತಿರುಗಿಸಿದರು.

ನಾನು ಬಸುರಿಯಾದದ್ದು ಅದರ ಮರುವರ್ಷ. ಅಜ್ಜನಿಗೆ ಹೇಳಿದೆವು. ಮಾರನೆಯ ದಿನ ನಮ್ಮ ಮನೆಯ ಮುಂದಿನ ಮೆಟ್ಟಿಲಿನ ಪಾಚಿಯನ್ನೆಲ್ಲ ಕೆರೆದು ತೆಗೆಯುತ್ತಾ ಕೂತಿದ್ದರು. ಜಾರಿ ಬೀಳಬಾರದು ಎಂದು. ಅಮ್ಮ ಮಗುವಿಗೆ ಸುತ್ತಲು ತಮ್ಮ ಹಳೆಯ ಹತ್ತಿ ಸೀರೆಗಳನ್ನು ಹರಿದು, ಒಗೆದು, ಮಡಿಸಿ, ಈ ಕಡೆ ಬರುವವರೊಬ್ಬರ ಕೈಯಲ್ಲಿ ಕಳಿಸಿದ್ದರು. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹೊಟ್ಟೆಯೊಳಗೆ ಓಡಾಟ ನಿಂತಿತ್ತು. ತಣ್ಣೀರು ಕುಡಿದೆ, ಎಡಮಗ್ಗುಲಿಗೆ ಮಲಗಿದೆ, ಕೈಯಿಂದ ತಟ್ಟಿ ಕರೆದೆ... ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ತೆರೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಆಗಲೇ ನನಗೆ ಗೊತ್ತಾಯಿತು. ಯಾರ ತಪ್ಪೂ ಇರಲಿಲ್ಲ. ಕೆಲವೊಮ್ಮೆ ಹೀಗಾಗುತ್ತದೆ ಎಂದರು. ಹೆಣ್ಣು ಮಗು. ನನ್ನ ಅಜ್ಜಿಯ ಹಾಗೆ ಅಗಲ ಹಣೆ. ಅಳಲಿಲ್ಲ.

ಮನೆಗೆ ಬಂದೆ. ಮಗುವಿಲ್ಲ ಎಂಬುದು ಮೈಗೆ ಗೊತ್ತಿರಲಿಲ್ಲ, ಹಾಲು ಇಳಿದಿತ್ತು. ಊರಲ್ಲಾಗಿದ್ದರೆ ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ದಂಡೆ ಕಟ್ಟುತ್ತಿದ್ದರು. ಇಲ್ಲಿಯ ನರ್ಸ್ ಫ್ರಿಜ್ಜಿನಲ್ಲಿಟ್ಟ ಎಲೆಕೋಸಿನ ಎಲೆ ಇಟ್ಟುಕೋ ಎಂದಳು. ಎಲೆಕೋಸಿನ ವಾಸನೆಯಲ್ಲಿ ಮುಂದಿನ ರೂಮಿನ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಮೈಸೂರಿನಿಂದ ಅತ್ತೆ ನನ್ನ ಗಂಡನಿಗೆ ಫೋನ್ ಮಾಡಿ ಹೇಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಹಸುಗೂಸನ್ನು ಸುಡಬಾರದು, ಮಣ್ಣಿಗೆ ಕೊಡಬೇಕು. ಬಾಣಂತಿ ಅಲ್ಲಿಗೆ ಹೋಗಬಾರದು. "ಅವಳು ನೋಡಿದ್ರೆ ಕೊರಗು ಹಚ್ಕೋತಾಳೆ ಕಣೋ. ನೀನೊಬ್ನೇ ಹೋಗಿ ಮುಗಿಸ್ಕೊಂಡು ಬಾ. ಅವಳ ಹತ್ರ ಆ ಮಾತೇ ಎತ್ತಬೇಡ." ಅತ್ತೆ ಕೆಟ್ಟವರಲ್ಲ. ಅವರಿಗೂ ಯಾರೋ ಹಾಗೇ ಹೇಳಿದ್ದಿರಬೇಕು.

ಗಂಡ ಹೊರಡಲು ಸಿದ್ಧನಾಗಿ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಾಗ ಅಜ್ಜ ಬಂದರು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಸೂಪಿನ ಪಾತ್ರೆ. ರೂಮಿನ ಬಾಗಿಲು ಅರ್ಧ ತೆರೆದಿತ್ತು.

"ಅವಳು ಬರುತ್ತಿಲ್ಲವಾ?"

"ಇಲ್ಲ. ನಮ್ಮಲ್ಲಿ ತಾಯಿ ಬರುವ ಪದ್ಧತಿ ಇಲ್ಲ."

ಪಾತ್ರೆ ಕೆಳಗಿಟ್ಟ ಸದ್ದಾಯಿತು. ಕೋಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಅವನ ಪಕ್ಕ ಕೂತರು. ಆಮೇಲೆ ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಮದುವೆಯಾದ ಹೊಸತು. ಚಳಿಗಾಲ. ಅವರ ಮಗುವೂ ನಮ್ಮದರ ಹಾಗೆಯೇ ಉಸಿರಿಲ್ಲದೆ ಹುಟ್ಟಿತು. ಆ ಕಾಲದಲ್ಲಿ ತಾಯಿಗೆ ತೋರಿಸುತ್ತಿರಲಿಲ್ಲ. ಹೆಂಡತಿ ಇನ್ನೂ ವಾರ್ಡಿನಲ್ಲಿ ಮಲಗಿರುವಾಗಲೇ ನರ್ಸೊಬ್ಬಳು ಇವರನ್ನು ಪಕ್ಕಕ್ಕೆ ಕರೆದು ಬಿಳಿ ಕಾಗದ ಸುತ್ತಿದ ಒಂದು ಸಣ್ಣ ಪೆಟ್ಟಿಗೆ ಕೈಗಿಟ್ಟಳು. ಸ್ಮಶಾನದ ಗೇಟಿಗೆ ಒಯ್ದು ಕೊಡು, ಅವರಿಗೆ ಗೊತ್ತು ಎಂದಳು. ಕಾರಿರಲಿಲ್ಲ. ಬಸ್ಸು ಹತ್ತಿದರು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಕಂಡಕ್ಟರ್ ನನ್ನ ಜೊತೆ ಕೆಲಸ ಮಾಡುವವನೇ. ಹತ್ತಿರ ಬಂದು ಪೆಟ್ಟಿಗೆ ನೋಡಿದ. 'ಹೆಂಡತಿಗೆ ಕೇಕಾ?' ಅಂದ. ನಾನು ಹೌದು ಅಂದೆ."

ನನ್ನ ಗಂಡನ ಉಸಿರು ನನಗೆ ಕೇಳಿಸುತ್ತಿತ್ತು.

"ಗೇಟಿನಲ್ಲಿ ಒಬ್ಬ ಪೆಟ್ಟಿಗೆ ಇಸಿದುಕೊಂಡ. ಒಳ್ಳೆಯವನೇ. ಮನೆಗೆ ಹೋಗಪ್ಪ, ನಾವು ನೋಡಿಕೊಳ್ಳುತ್ತೇವೆ ಅಂದ. ನಾನು ಹಿಂದೆ ತಿರುಗಿ ನೋಡಲಿಲ್ಲ. ಆ ಹುಲ್ಲಿನ ಜಾಗದಲ್ಲಿ ಎಲ್ಲೋ ಇದೆ. ಇಂಥ ಕಡೆ ಅಂತ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಅಂಥವು ಲೆಕ್ಕವಿಲ್ಲದಷ್ಟಿವೆ."

ಹೆಂಡತಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ತೊಟ್ಟಿಲನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಹಾಗೆ ಮಾಡುವುದೇ ಒಳ್ಳೆಯದೆಂದು ಎಲ್ಲರೂ ಹೇಳಿದ್ದರು. ಒಂದು ಸಂಜೆ ಟೀ ಕುಡಿಯುವಾಗ ಆಕೆ, "ಅಲ್ಲಿ ಚಳಿ ಇತ್ತಾ?" ಎಂದು ಕೇಳಿದರಂತೆ. "ಅದನ್ನೆಲ್ಲ ಯೋಚಿಸಬೇಡ," ಎಂದು ಇವರು ಅಂದರು. ಆಮೇಲೆ ಆಕೆ ಜೀವವಿರುವವರೆಗೆ ಮತ್ತೆ ಕೇಳಲಿಲ್ಲ. ಗೋಡೆಯಾಚೆಯೇ ಸ್ಮಶಾನ; ಒಂದು ದಿನವೂ ಆ ಗೇಟು ದಾಟಲಿಲ್ಲ. ಆಕೆ ಸತ್ತಾಗ ನೋಡಲು ಬಂದ ಆಕೆಯ ಅಕ್ಕ ಅಡುಗೆಮನೆಯಲ್ಲಿ ನಿಂತು ಹೇಳಿದರಂತೆ, ಅವಳು ಮಗುವಿಗೆ ಒಂದು ಹೆಸರಿಟ್ಟಿದ್ದಳು ಎಂದು. ಏನು ಹೆಸರು? ಅಕ್ಕನಿಗೂ ಗೊತ್ತಿರಲಿಲ್ಲ.

"ಯಾರಿಗೂ ಹೇಳಿರಲಿಲ್ಲವಂತೆ. ಗಂಡನೇ ಮೊದಲು ಕೇಳಲಿ ಅಂತಿದ್ದಳಂತೆ."

ಆಮೇಲೆ ಅಜ್ಜ ನನ್ನ ಗಂಡನಿಗೆ ಹೇಳಿದರು: "ಕರಕೊಂಡು ಹೋಗಪ್ಪ. ಅಳುತ್ತಾಳೆ. ಅಳಲಿ."

"ಅಮ್ಮ ಬೇಡ ಅಂದಿದ್ದಾರೆ," ಎಂದ ಅವನು. ಅದುವರೆಗೆ ಅವನು ನನ್ನ ಮುಂದೆ ಅತ್ತಿರಲಿಲ್ಲ. ಆಗ ಅವನ ದನಿ ಒಡೆಯಿತು.

"ನಿನ್ನ ಅಮ್ಮ ಇಂಡಿಯಾದಲ್ಲಿದ್ದಾರೆ. ಇವಳು ಈ ಬಾಗಿಲ ಹಿಂದೆ ಇದ್ದಾಳೆ."

ಅವನು ಒಂದೇ ಕಾಲಿಗೆ ಶೂ ಹಾಕಿಕೊಂಡು ಒಳಗೆ ಬಂದ. ಸೋಫಾದ ಬಳಿ ಮಂಡಿಯೂರಿ, "ಬರ್ತೀಯಾ?" ಎಂದ. ನಾನಾಗಲೇ ಎದ್ದು ಕೂತಿದ್ದೆ.

ಆಸ್ಪತ್ರೆಯಿಂದ ಸ್ಮಶಾನಕ್ಕೆ ಬರುವ ದಾರಿಯುದ್ದಕ್ಕೂ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಅಮ್ಮನ ಸೀರೆಯ ತುಂಡಿನಲ್ಲಿ ಮಗುವನ್ನು ಆಸ್ಪತ್ರೆಯಲ್ಲಿ ನಾನೇ ಸುತ್ತಿದ್ದೆ. ಹಸಿರು ಚೌಕಳಿಯ ಸೀರೆ. ಗೇಟಿನ ಬಳಿ ಅಜ್ಜ ಕಾಯುತ್ತಿದ್ದರು, ತಲೆ ಬಾಚಿಕೊಂಡು, ಟೈ ಕಟ್ಟಿಕೊಂಡು. ನಾಯಕನ ಗೋರಿಯ ಮೇಲಿನ ಗೋಪುರ, ಸೇನಾನಿಯ ಹೂಗಳು, ಹಾಡುಗಾರನ ಕಲ್ಲು, ಎಲ್ಲವನ್ನೂ ದಾಟಿ ಅವರು ನಮ್ಮ ಮುಂದೆ ನಡೆದರು. ಯಾರ ಕಥೆಯನ್ನೂ ಹೇಳಲಿಲ್ಲ. ಗೋಪುರದ ಬಳಿ ಗೈಡೊಬ್ಬ ಪ್ರವಾಸಿಗಳಿಗೆ ಜೋರಾಗಿ ವಿವರಿಸುತ್ತಿದ್ದ. ನಮ್ಮನ್ನು ಕಂಡು ಮಾತು ನಿಲ್ಲಿಸಿ ಟೋಪಿ ತೆಗೆದ. ಜನ ಎರಡು ಕಡೆಗೆ ಸರಿದು ದಾರಿ ಬಿಟ್ಟರು. ದೇಶದ ದೊಡ್ಡವರ ನಡುವೆ ನನ್ನ ಮಗಳು ಹಾಗೆ ಹೋದಳು.

ಮಕ್ಕಳ ಜಾಗದಲ್ಲಿ ಒಂದು ಹೊಸ ಗುಂಡಿ. ಮಣ್ಣು ಒದ್ದೆಯಾಗಿ ಭಾರವಿತ್ತು. ಗಂಡ ಹಾಕಿದ, ನಾನು ಹಾಕಿದೆ. ಅಜ್ಜ ಬೇಲಿಯಾಚೆಯೇ ನಿಂತಿದ್ದರು. ಗಂಡ ಹೋಗಿ ಅವರ ತೋಳು ಹಿಡಿದು ಕರೆತಂದ. ಅವರು ಆ ಹುಲ್ಲಿನ ಮೇಲೆ ಕಾಲಿಟ್ಟದ್ದು ಅದೇ ಮೊದಲು. ಎಲ್ಲಿ ಹೆಜ್ಜೆ ಇಡಬೇಕೋ ತಿಳಿಯದೆ ತಡವರಿಸುತ್ತಾ ಬಂದರು... ಮಣ್ಣು ಹಾಕುವ ಮುಂಚೆ ನನ್ನನ್ನು ಕೇಳಿದರು, "ಇವಳ ಹೆಸರೇನು?"

ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಹೆಸರಿಡುತ್ತಾರೆ. ಆ ದಿನ ನಮಗೆ ಬರಲೇ ಇಲ್ಲ. ಅಲ್ಲೇ, ನಿಂತಲ್ಲೇ ಒಂದು ಹೆಸರು ಹೇಳಿದೆ. ಅಜ್ಜ ಅದನ್ನು ತಪ್ಪಾಗಿ ಉಚ್ಚರಿಸಿದರು. ಮತ್ತೆ ಹೇಳಿಕೊಟ್ಟೆ. ಸರಿಯಾಗಿ ಬರುವ ತನಕ ಬಿಡದೆ ಹೇಳಿದರು, ಆಮೇಲೆ ಮಣ್ಣು ಹಾಕಿದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಮೂವರದು.

ಅನಂತರ ಅಜ್ಜನ ಸುತ್ತಾಟ ಬದಲಾಯಿತು. ಗೇಟಿನಲ್ಲಿ ಹಿಡಿದವರನ್ನು ದೊಡ್ಡವರ ಗೋರಿಗಳೆಲ್ಲ ಮುಗಿದ ಮೇಲೆ ಈ ಮೂಲೆಗೆ ಕರೆತರುತ್ತಿದ್ದರು. "ಇಲ್ಲಿ ನನ್ನ ಹತ್ತಿರ ಕಥೆ ಇಲ್ಲ. ಇವುಗಳಲ್ಲಿ ಒಂದು ನನ್ನದು," ಎಂದಷ್ಟೇ ಹೇಳುತ್ತಿದ್ದರು. ಕೆಲವರು ಗಡಿಯಾರ ನೋಡಿಕೊಂಡು ಹೊರಡುತ್ತಿದ್ದರು. ಒಬ್ಬ, ಇದನ್ನು ನೋಡಲು ನಾವು ಬಂದದ್ದಲ್ಲ ಎಂದು ಮುಖಕ್ಕೇ ಹೇಳಿದ. ಆದರೆ ಗುಂಪಿನಲ್ಲಿ ವಯಸ್ಸಾದ ಹೆಂಗಸರಿದ್ದರೆ ಅವರಲ್ಲಿ ಯಾರಾದರೊಬ್ಬರು ಹೊರಡಲು ಒಪ್ಪುತ್ತಿರಲಿಲ್ಲ. ಒಬ್ಬಾಕೆ ಒದ್ದೆ ಹುಲ್ಲಿನ ಮೇಲೆ ಕೂತೇಬಿಟ್ಟದ್ದನ್ನು ನಾನು ಕಂಡಿದ್ದೇನೆ. ಅಜ್ಜ ತಮ್ಮ ಕೋಟು ಬಿಚ್ಚಿ ಆಕೆಗೆ ಹೊದಿಸಿ, ತಾವು ಶರ್ಟಿನಲ್ಲೇ ನಡುಗುತ್ತಾ ನಿಂತಿದ್ದರು.

ಮುಂದಿನ ಚಳಿಗಾಲ ಅವರ ಶ್ವಾಸಕೋಶ ಕೈಕೊಟ್ಟಿತು. ಆ ಮಕ್ಕಳ ಜೊತೆ ತಮ್ಮನ್ನೂ ಮಣ್ಣು ಮಾಡಬಹುದೇ ಎಂದು ಸ್ಮಶಾನದವರನ್ನು ಕೇಳಿಸಿದರು. ಆಗುವುದಿಲ್ಲ ಎಂದು ಉತ್ತರ ಬಂತು. ಹೆಂಡತಿಯನ್ನು ಅವರ ತವರಿನವರ ಜೊತೆ, ಊರಾಚೆಯ ಬೇರೊಂದು ಸ್ಮಶಾನದಲ್ಲಿ ಇಟ್ಟಿದ್ದರು; ಅಜ್ಜನಿಗೂ ಅಲ್ಲೇ ಜಾಗ. ಕೊನೆಯ ಸಲ ವಾರ್ಡಿನಲ್ಲಿ ನೋಡಿದಾಗ ಮೂಗಿಗೆ ನಳಿಗೆ ಹಾಕಿದ್ದರು. ಕೈ ಹಿಡಿದುಕೊಂಡೆ. ಎಲುಬು ಮಾತ್ರ ಉಳಿದಿತ್ತು.

"ಅವಳ ಹತ್ತಿರ ಹೋಗುತ್ತಿದ್ದೇನೆ," ಎಂದರು. "ಮಗುವನ್ನು ಎಲ್ಲಿಟ್ಟೆ ಅಂತ ಕೇಳುತ್ತಾಳೆ. ಹೇಳಲು ನನ್ನ ಹತ್ತಿರ ಏನೂ ಇಲ್ಲ."

"ಈ ಸಲ ಮೊದಲು ನೀವೇ ಕೇಳಿ ಅಜ್ಜ," ಎಂದೆ. "ಹೆಸರು ಕೇಳಿ."

ಅವರು ನನ್ನನ್ನೇ ನೋಡಿದರು. "ಗ್ರ್ಯಾಂಡ್," ಎಂದರು. ಸರಿ, ಚೆನ್ನಾಗಿದೆ ಎಂದು ಇಲ್ಲಿಯವರು ಎಲ್ಲದಕ್ಕೂ ಹೇಳುವ ಮಾತು ಅದು. ಮಳೆಗೂ, ನೋವಿಗೂ, ಸಾವಿಗೂ. ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತೂ ಅದೇ.

ಹೊರದೇಶದಿಂದ ಅವರ ಅಣ್ಣನ ಮಗ ಬಂದ, ಮನೆ ಮಾರಿದ, ಹೋದ. ನಾವು ಸ್ವೋರ್ಡ್ಸ್‌ಗೆ ಬಂದೆವು. ಈಗ ನಮಗೊಬ್ಬ ಮಗನಿದ್ದಾನೆ. ಕನ್ನಡದಲ್ಲಿ ಕೇಳಿದರೆ ಡಬ್ಲಿನ್ನಿನ ರಾಗದ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಅಕ್ಕನ ಹೆಸರನ್ನು ಅವನಿಗೂ ಹೇಳಿಕೊಟ್ಟಿದ್ದೇವೆ. ರಜೆಯ ದಿನ ಅವನನ್ನು ಅಲ್ಲಿಗೆ ಕರೆದೊಯ್ಯುತ್ತೇವೆ. ಪ್ರವಾಸಿಗಳು ಈಗಲೂ ಬರುತ್ತಾರೆ. ಸರಿಯಾದ ಗೈಡುಗಳು ಸರಿಯಾದ ವಿಷಯಗಳನ್ನೇ ಹೇಳುತ್ತಾರೆ. ಈ ಮೂಲೆಯವರೆಗೆ ಯಾರೂ ಬರುವುದಿಲ್ಲ.

ಸತ್ತವರು ಎಲ್ಲೋ ಸೇರಿ ಮಾತಾಡುತ್ತಾರೆಂದು ನಾನು ನಂಬುವುದಿಲ್ಲ. ಆ ದಿನ ವಾರ್ಡಿನಲ್ಲಿ ಆಡಿದ್ದು ಸಾಯುವವರಿಗೆ ಆಡುವ ಮಾತು, ಅಷ್ಟೇ. ಅಜ್ಜ ಹೋದ ಸ್ವಲ್ಪ ದಿನಕ್ಕೆ ಅವರ ಹೆಂಡತಿಯ ಅಕ್ಕನೂ ತೀರಿಕೊಂಡರು. ಆ ಹುಲ್ಲಿನ ಕೆಳಗೆ ಎಲ್ಲೋ ಇರುವ ಕೂಸಿಗೆ ಅದರ ತಾಯಿ ಒಂದು ಹೆಸರಿಟ್ಟಿದ್ದಳು ಎಂದು ತಿಳಿದವರು ಈಗ ಈ ಊರಲ್ಲಿ ನಾನು, ನನ್ನ ಗಂಡ ಇಬ್ಬರೇ. ಏನು ಹೆಸರು ಎಂದು ನಮಗೂ ಗೊತ್ತಿಲ್ಲ.