ಕೆಳಗಿನ ತುದಿ ಹಿಡಿಯುವವನು

ಮನೆ ಬದಲಿಸುವವರ ಸಾಮಾನು ಸಾಗಿಸುವುದು ನಮ್ಮ ಕೆಲಸ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಿಂದ ಮರದ ಬೀರು ಇಳಿಸಬೇಕು ಅಂತಿಟ್ಟುಕೊಳ್ಳಿ. ಮೇಲಿನ ತುದಿ ಹಿಡಿದವನು ದಾರಿ ನೋಡುತ್ತಾನೆ, ಗೋಡೆಗೆ ತಾಗದಂತೆ ತಿರುಗಿಸುತ್ತಾನೆ, ಬಾಯಿತುಂಬ ಸಲಹೆ ಕೊಡುತ್ತಾನೆ. ಭಾರವೆಲ್ಲ ಕೆಳಗಿನವನದು. ಅವನು ಕಾಲಲ್ಲೇ ಮೆಟ್ಟಿಲು ತಡಕುತ್ತ ಹಿಂದಕ್ಕೆ ಇಳಿಯಬೇಕು. ಅವನು ಕೈಬಿಟ್ಟರೆ ಬೀರು ಅವನ ಎದೆಯ ಮೇಲೆ, ಬೀರುವಿನ ಮೇಲೆ ನಾನು. ಹೌದು, ಸಲಹೆ ಕೊಡುವವನು ನಾನೇ. ಕೆಳಗಿನ ತುದಿ ನನ್ನ ಭಾವನದು, ಅಂದರೆ ಅಕ್ಕನ ಗಂಡನದು.

ತಂಡದವರು ಅವರಿಗೆ ಇಟ್ಟ ಹೆಸರು ಕಂಬ. ಬಲಕ್ಕೆ ಇಟ್ಟ ಹೆಸರು ಮಾತಿಗೂ ಒಪ್ಪುತ್ತಿತ್ತು. ಅಕ್ಕ ಅಡುಗೆ ಹೇಗಿದೆ ಎಂದು ಕೇಳಿದರೆ ತಲೆ ಆಡಿಸುವರು. ಅದು ಚೆನ್ನಾಗಿದೆ ಎಂದೋ ಇಲ್ಲ ಎಂದೋ ತಿಳಿಯಲು ಅವಳು ತಟ್ಟೆ ಖಾಲಿಯಾಗುವವರೆಗೆ ಕಾಯಬೇಕು. ಆ ಮನೆಯ ಹಿಂದಿನ ಕೋಣೆಯಲ್ಲಿ ಇರುವವನು ನಾನು. ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿ ಸರಿದೂಗಿಸುತ್ತಿದ್ದೆ.

ಇಂಥ ಕಂಬ ಉರುಳಿದ್ದು ಬೀರುವಿನಿಂದಲ್ಲ, ಒಂದು ದಿಂಬಿನಿಂದ. ಅವತ್ತು ಸಾಮಾನೆಲ್ಲ ಲಾರಿ ಏರಿತ್ತು. ಹಾಸಿಗೆಯ ಗಂಟಿನಿಂದ ಜಾರಿಬಿದ್ದ ದಿಂಬನ್ನು ಎತ್ತಲು ಭಾವ ಬಗ್ಗಿದರು, ಬಗ್ಗಿದವರು ಏಳಲಿಲ್ಲ. ಲಾರಿಯ ಚಕ್ರ ಹಿಡಿದುಕೊಂಡು ಅರ್ಧ ಬಾಗಿದಂತೆಯೇ ನಿಂತರು. ತಮಾಷೆ ಮಾಡುತ್ತಿದ್ದಾರೇನೋ ಅಂದುಕೊಂಡೆ. ಆಮೇಲೆ, ನಮ್ಮ ಭಾವ ತಮಾಷೆ ಮಾಡುವ ಪೈಕಿ ಅಲ್ಲ ಎಂಬುದು ಹೊಳೆದು ಓಡಿಹೋಗಿ ಭುಜ ಕೊಟ್ಟೆ. ಗಿರಾಕಿಯ ಹಾಸಿಗೆಯ ಮೇಲೆಯೇ ಮಲಗಿಸಿ ಅವರನ್ನು ಮನೆಗೆ ಸಾಗಿಸಿದೆವು.

ಮುಲಾಮು, ಬಿಸಿನೀರಿನ ಚೀಲ, ಮಾತ್ರೆ ಎಲ್ಲ ಆಯಿತು. ಭಾರ ಹೊರುವಾಗ ಮಾತ್ರ ಸೊಂಟಕ್ಕೆ ಕಟ್ಟುತ್ತಿದ್ದ ಅಗಲ ಬೆಲ್ಟನ್ನು ಊಟಕ್ಕೆ ಕೂರುವಾಗಲೂ ಕಟ್ಟತೊಡಗಿದರು. ಡಾಕ್ಟರು ಪರೀಕ್ಷೆ ಮಾಡಿ, ಮೂಳೆಗೂ ನರಕ್ಕೂ ಏನೂ ಆಗಿಲ್ಲ, ಮಲಗಿಕೊಂಡೇ ಇರಬೇಡಿ, ವ್ಯಾಯಾಮ ಬೇಕು ಅಂದರು. ದಿನವಿಡೀ ಬೀರು ಹೊರುವವನಿಗೆ ಇನ್ನೆಂಥ ವ್ಯಾಯಾಮ ಎಂಬುದು ಭಾವನ ಮುಖದಲ್ಲೇ ಬರೆದಿತ್ತು. ಕೆಲಸಕ್ಕೆ ಮರಳಿದಾಗ ಮೇಸ್ತ್ರಿ ಅವರನ್ನು ಗಾಜಿನ ಲೋಟಗಳಿಗೆ ಹಳೇ ಪೇಪರು ಸುತ್ತಲು ಕೂರಿಸಿದ. ಕೆಳಗಿನ ತುದಿಗೆ ಹೊಸದಾಗಿ ಸೇರಿದ ಪೈಲ್ವಾನ್ ಬಂದ. ಶಾಲೆಗಳಿಗೆ ರಜೆ ಬಂತೆಂದರೆ ಜನ ಮನೆ ಬದಲಿಸಲು ಮುಗಿಬೀಳುತ್ತಾರೆ. ಅಷ್ಟರಲ್ಲಿ ಬೆನ್ನು ಸರಿಹೋದರೆ ಸರಿ, ಇಲ್ಲದಿದ್ದರೆ ಆ ಜಾಗ ಪೈಲ್ವಾನನಿಗೇ ಖಾಯಂ ಎಂದ ಮೇಸ್ತ್ರಿ. ಭಾವ ಇನ್ನೊಂದು ಲೋಟಕ್ಕೆ ಪೇಪರು ಸುತ್ತಿದರು. ಅವರು ಅತ್ತಿದ್ದರೂ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಇತ್ತ ಪೈಲ್ವಾನನಿಗೆ ತೋಳಿತ್ತು, ತಾಳ್ಮೆಯಿರಲಿಲ್ಲ. ಅವನೊಂದಿಗೆ ಮೆಟ್ಟಿಲು ಇಳಿಯುವಾಗ ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು.

ಆಸ್ಪತ್ರೆಯ ವ್ಯಾಯಾಮದ ಮೇಡಂ ಭಾವನ ಭುಜಕ್ಕೂ ಬರದಷ್ಟು ಗಿಡ್ಡ. ಮಂಡಿ ಮತ್ತು ಅಂಗೈ ಊರಿ ಮಗು ಅಂಬೆಗಾಲಿಡುವಂತೆ ನಿಲ್ಲಿ, ಬಲಗೈ ಮುಂದೆ ಚಾಚಿ, ಎಡಗಾಲು ಹಿಂದೆ ಚಾಚಿ, ಸೊಂಟ ಅಲುಗಬಾರದು ಅಂದರು. ಇಷ್ಟೇನಾ ಎಂಬಂತೆ ಭಾವ ನನ್ನತ್ತ ನೋಡಿ, ಕೈಕಾಲು ಎತ್ತಿ, ಪಕ್ಕಕ್ಕೆ ಧೊಪ್ಪನೆ ಬಿದ್ದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಚಾಪೆ ಜಾರುತ್ತಿದೆ ಅಂದರು. ಮೇಡಂ ಚಾಪೆ ಬದಲಿಸಿದರು. ಮತ್ತೆ ಬಿದ್ದರು.

ಆಗ ಮೇಡಂ ಬಿಡಿಸಿ ಹೇಳಿದರು. ಕೈಕಾಲಿಗೆ ಬೇಕಾದಷ್ಟು ಬಲವಿದೆ. ಹೊಟ್ಟೆ, ಬೆನ್ನು, ಪಕ್ಕೆಗಳ ಒಳಗೆ ನಡುವನ್ನು ಹಿಡಿದು ನಿಲ್ಲಿಸುವ ಸ್ನಾಯುಗಳಿವೆಯಲ್ಲ, ಅವು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತಿಲ್ಲ. ಬೆಲ್ಟನ್ನೇ ನೆಚ್ಚಿಕೊಂಡರೆ ಅವು ಇನ್ನಷ್ಟು ಸೋಮಾರಿಯಾಗುತ್ತವೆ. ದಿನಾ ಸ್ವಲ್ಪ ಸ್ವಲ್ಪ ಎಬ್ಬಿಸಬೇಕು. ಆಮೇಲೆ ಅಂಗಾತ ಮಲಗಿ ಮಾಡುವುದನ್ನೂ ಕಲಿಸಿದರು. ಮಂಡಿ ಮಡಚಿ ಮೇಲೆತ್ತಿ, ಕೈಗಳನ್ನೂ ಎತ್ತಿ, ಬೆನ್ನನ್ನು ನೆಲದಿಂದ ಬಿಡಿಸದೆ ಒಂದು ಕೈಯನ್ನೂ ಅದರ ಎದುರು ಬದಿಯ ಕಾಲನ್ನೂ ನಿಧಾನವಾಗಿ ಇಳಿಸುವುದು. ಮಗುಚಿಬಿದ್ದ ಜಿರಳೆಯಂತೆ ಕಾಣುವ ಭಾವನನ್ನು ನೋಡಿ ನಗು ತಡೆಯಲಾರದೆ ನಾನು ಹೊರಗೆ ಹೋದೆ.

ಭಾರ ಹೊರುವವರಿಗೆ ಒಂದು ಅಭ್ಯಾಸ ಇರುತ್ತದೆ. ಉಸಿರು ಕಟ್ಟು, ಹಲ್ಲು ಕಚ್ಚು, ಎತ್ತು. ಭಾವ ವ್ಯಾಯಾಮವನ್ನೂ ಹಾಗೇ ಮಾಡಿದರು. ಮುಖ ಕೆಂಪಾಗುವುದು, ಕತ್ತಿನ ನರ ಉಬ್ಬುವುದು. ಕೆಲವು ದಿನ ಕಳೆಯುತ್ತಲೇ, ಇದು ತೀರಾ ಹಗುರವಾಯಿತು ಎಂದು ಅನ್ನಿಸಿರಬೇಕು. ಮಲಗಿ ಸೊಂಟ ಎತ್ತುವ ವ್ಯಾಯಾಮಕ್ಕೆ ಖಾಲಿ ಗ್ಯಾಸ್ ಸಿಲಿಂಡರನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡರು. ಅಕ್ಕ ಕಿರುಚುವಷ್ಟರಲ್ಲಿ ಬೆನ್ನು ಮತ್ತೆ ಹಿಡಿದಿತ್ತು. ಹಟಕ್ಕೂ ಒಂದು ಮಿತಿ ಬೇಡವೇ? ನಾನಂತೂ ಆ ದಿನ ಚೆನ್ನಾಗಿಯೇ ಬೈದೆ, ಕಾಫಿಯನ್ನೂ ಕೊಟ್ಟೆ.

ಮೇಡಂ ಬೈಯಲಿಲ್ಲ.

"ಇದು ಹೊರೋ ಕೆಲಸ ಅಲ್ಲ, ಅಲುಗದೆ ಇರೋ ಕೆಲಸ," ಅಂದರು. "ಹೊಟ್ಟೆ ಮೆಲ್ಲಗೆ ಬಿಗಿ ಮಾಡಿ, ಆದ್ರೆ ಉಸಿರು ಕಟ್ಟಬೇಡಿ. ಕಟ್ಟಿದೀರೋ ಇಲ್ವೋ ಗೊತ್ತಾಗ್ಬೇಕು ಅಂದ್ರೆ ಮಾತಾಡ್ತಾ ಮಾಡಿ." ಅಕ್ಕನ ಕಡೆ ತಿರುಗಿ, "ನೀವು ಪಕ್ಕದಲ್ಲಿ ಕೂತು ಏನಾದ್ರೂ ಕೇಳ್ತಾ ಇರಿ. ಹೂಂ, ಉಹೂಂ ಅಂದ್ರೆ ಲೆಕ್ಕಕ್ಕಿಲ್ಲ," ಅಂದರು.

ಹೋಗಿ ಹೋಗಿ ಇಂಥವರಿಗೆ ಈ ಔಷಧಿ. ಬೀರು ಹೊರು ಅಂದಿದ್ದರೆ ಹೊತ್ತುಬಿಡುತ್ತಿದ್ದರು.

ಬೆಳಿಗ್ಗೆ ಅಕ್ಕ ಚಾಪೆಯ ಪಕ್ಕ ಬೀನ್ಸ್ ಹೆಚ್ಚುತ್ತ ಕೂರುತ್ತಿದ್ದಳು. ಭಾವ ನಾಲ್ಕು ಕಾಲಿನ ಭಂಗಿಯಲ್ಲಿ. ಮೊದಮೊದಲು ಅವಳು ಹವಾಮಾನ ಕೇಳಿದರೆ ಇವರು ಹವಾಮಾನ ಹೇಳುವರು. ಅದು ಮುಗಿದ ಮೇಲೆ, ಇಷ್ಟು ವರ್ಷ ಎಂತೆಂಥ ಮನೆ ಖಾಲಿ ಮಾಡಿಸಿದಿರಿ ಎಂದು ಕೇಳಿದಳು. ಅಲ್ಲಿಂದ ಗಂಟು ಬಿಚ್ಚಿತು. ಮಂಚದ ಕೆಳಗೆ ಹದಿನಾರು ಛತ್ರಿ ಇಟ್ಟಿದ್ದ ಗುಮಾಸ್ತ, ಬೇರೆಯಾಗುವಾಗ ಒಂದು ಕನ್ನಡಿಗಾಗಿ ಕಿತ್ತಾಡಿ ಕೊನೆಗೆ ಅದನ್ನು ಅಲ್ಲೇ ಬಿಟ್ಟುಹೋದ ಗಂಡ ಹೆಂಡತಿ. ಬೀನ್ಸ್ ಮುಗಿದರೂ ಅಕ್ಕ ಏಳುತ್ತಿರಲಿಲ್ಲ. ನನಗೇ ಗೊತ್ತಿಲ್ಲದ ಕಥೆಗಳವು; ನಾನೂ ಆ ಮನೆಗಳಲ್ಲಿ ಇದ್ದೆ, ಬಾಯಿ ಬಡಿದುಕೊಳ್ಳುತ್ತ ಇದ್ದೆ, ನೋಡಿರಲಿಲ್ಲ.

ಒಂದು ಬೆಳಿಗ್ಗೆ ನಾನು ಬಾಗಿಲ ಹಿಂದೆ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಕೆಲಸದಲ್ಲಿ ನಿಮಗೆ ಯಾವುದು ಕಷ್ಟ ಎಂದು ಅಕ್ಕ ಕೇಳಿದಳು. ಭಾವ ಕೈ ಚಾಚಿ, ಕಾಲು ಚಾಚಿ, ನೆಲ ನೋಡುತ್ತ ಹೇಳಿದರು:

"ಮೆಟ್ಟಿಲಲ್ಲಿ ಹಿಂದಕ್ಕೆ ಇಳಿಯೋವಾಗ ಭಯ ಆಗುತ್ತೆ ಕಣೆ. ಮೊದಲ ದಿನದಿಂದ್ಲೂ. ನಡುವೆ ಒಂದ್ಸಲ ಕೆಳಗಿಡೋಣ ಅಂದ್ರೆ, ಆಮೇಲೆ ಯಾರೂ ನನ್ನ ನಂಬಿ ಮೇಲಿನ ತುದಿ ಹಿಡಿಯಲ್ಲ ಅಂತ ಬಾಯಿ ಮುಚ್ಕೊಂಡೇ ಇಳಿದೆ."

ಈಳಿಗೆಯ ಸದ್ದು ನಿಂತಿತು. "ಮೇಲೆ ಇರೋನು ನನ್ನ ತಮ್ಮ ಅಲ್ವೇನ್ರೀ," ಎಂದಳು ಅಕ್ಕ. "ಅವನ ಹತ್ರಾನೂ ಹೇಳಕ್ಕಾಗ್ಲಿಲ್ವಾ?"

ಭಾವ ಆ ಕೈಕಾಲು ಇಳಿಸಿ ಇನ್ನೊಂದು ಬದಿಯವನ್ನು ಚಾಚಿದರು. ಉಸಿರು ಸರಾಗವಾಗಿ ಆಡುತ್ತಿತ್ತು, ಸೊಂಟ ಅಲುಗಲಿಲ್ಲ. ಇಷ್ಟು ವರ್ಷ ಎಡಕ್ಕೆ, ಬಲಕ್ಕೆ, ಬೇಗ ಬೇಗ ಎಂದು ಮೇಲಿನಿಂದ ಕೂಗುತ್ತಿದ್ದೆನೇ ಹೊರತು ಒಮ್ಮೆಯೂ ಸಾಕಾಯಿತೇ ಎಂದು ಕೇಳಿರಲಿಲ್ಲ.

ಬೆಲ್ಟು ಕಟ್ಟುವುದು ಮೊದಲು ಊಟದ ಹೊತ್ತಿಗೆ ಬಿಟ್ಟುಹೋಯಿತು, ಆಮೇಲೆ ಕೆಲಸದಲ್ಲೂ ಬಿಟ್ಟುಹೋಯಿತು. ಅಂಬೆಗಾಲಿನ ಭಂಗಿಯಲ್ಲಿದ್ದ ಭಾವನ ಸೊಂಟದ ಮೇಲೆ ಮೇಡಂ ನೀರಿನ ಲೋಟ ಇಟ್ಟರು. ಭಾವ ಕೈಕಾಲು ಚಾಚಿ ಛತ್ರಿಯ ಗುಮಾಸ್ತನ ಕಥೆ ಹೇಳಿ ಮುಗಿಸಿದರೂ ಹನಿ ಚೆಲ್ಲಲಿಲ್ಲ. ನೋವು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಆಗಾಗ ಬಂದು ಹೋಗುತ್ತದೆ, ಮೊದಲಿನಂತೆ ಬಂದು ಕೂರುವುದಿಲ್ಲ. ಚಿಕ್ಕ ಭಾರದಿಂದ ದೊಡ್ಡದಕ್ಕೆ ನಿಧಾನವಾಗಿ ಹೋಗಿ ಎಂದು ಮೇಡಂ ಒಪ್ಪಿಗೆ ಕೊಟ್ಟರು. ಕುರ್ಚಿ ಆಯಿತು, ಮೇಜು ಆಯಿತು, ಫ್ರಿಜ್ಜೂ ಆಯಿತು.

ರಜೆ ಬಂತು. ಒಬ್ಬ ಮೇಷ್ಟ್ರ ಮನೆ, ಮೂರನೇ ಮಹಡಿ, ಗೋಡೆಯಷ್ಟು ಅಗಲದ ಹಳೇ ಮರದ ಬೀರು. ಪೈಲ್ವಾನ್ ಅಂಗಿಯ ತೋಳು ಮಡಚುತ್ತಿದ್ದ. ಭಾವ ಹೋಗಿ ಕೆಳಗಿನ ತುದಿಗೆ ನಿಂತರು. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಮೇಲಿನ ತುದಿ ಹಿಡಿದೆ.

ಒಂದು ಮಹಡಿ ಇಳಿದೆವು. ಭಾವ ಜೋರಾಗಿ ಉಸಿರು ಬಿಡುವುದು ಬೀರುವಿನ ಆಚೆಯಿಂದ ಕೇಳುತ್ತಿತ್ತು. ನಾನು ಒಂದು ಸಲಹೆಯನ್ನೂ ಕೊಡಲಿಲ್ಲ. ತಿರುವಿಗೆ ಬಂದಾಗ ಅವರು, "ಕೆಳಗಿಡೋಣ," ಅಂದರು.

ಇಟ್ಟೆವು. ಮೇಲಿನಿಂದ ಪೈಲ್ವಾನ್ ಇಣುಕಿದ, ಮೇಸ್ತ್ರಿಯೂ ಇಣುಕಿದ. ಯಾರೂ ನಗಲಿಲ್ಲ. ಭಾವ ಮುಖ ಒರೆಸಿಕೊಂಡು ಸೊಂಟ ನೆಟ್ಟಗೆ ಮಾಡಿ, ಯಾವ ಸಂಕೋಚವೂ ಇಲ್ಲದೆ, "ಇನ್ನೊಂದು ಮಹಡಿ ನೀನು ಕೆಳಗೆ ಬರ್ತೀಯಾ? ಆಮೇಲೆ ಮತ್ತೆ ನಾನು," ಅಂದರು.

ಕೆಳಗೆ ಹೋಗಿ ಹಿಡಿದೆ. ಬೀರು ಓರೆಯಾಗಿ ನನ್ನ ಮೇಲೆ ವಾಲಿತು. ಹಿಂದಿನ ಮೆಟ್ಟಿಲು ಎಲ್ಲಿದೆಯೋ ಕಾಲಿಗೆ ಸಿಗಲಿಲ್ಲ. ಉಸಿರು ಕಟ್ಟಿ ಹಲ್ಲು ಕಚ್ಚಿದೆ.

"ಹೊಟ್ಟೆ ಬಿಗಿ ಮಾಡು. ಉಸಿರು ಬಿಡೋ," ಎಂದು ಮೇಲಿನಿಂದ ಭಾವನ ದನಿ ಬಂತು. "ನಾನು ಹಿಡಿದಿದೀನಿ, ಬೀಳಲ್ಲ. ಏನಾದ್ರೂ ಮಾತಾಡು."

ಊರಿಗೆಲ್ಲ ಮಾತು ಹಂಚುವವನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಆ ಮಹಡಿ ಮುಗಿಯುವ ತನಕ ಭಾವನೇ ಮಾತಾಡಿದರು.