ಮುಂಗಡದ ನೀಲಮ್ಮ

ಆಟೋ ಹತ್ತುವ ಮೊದಲೇ ದುಡ್ಡು ಕೊಡುವವರನ್ನು ಈ ಬೆಂಗಳೂರಿನಲ್ಲಿ ನಾನು ಒಬ್ಬರನ್ನೇ ನೋಡಿದ್ದೇನೆ. ನಮ್ಮ ಮನೆ ಓನರ್ ನೀಲಮ್ಮ ಆಂಟಿ ಆಟೋ ನಿಲ್ಲಿಸಿ, ಒಳಗೆ ತಲೆ ಹಾಕಿ, ಹೋಗಬೇಕಾದ ಜಾಗ ಹೇಳಿ, ನೂರರ ನೋಟೊಂದನ್ನು ಡ್ರೈವರ್ ಕೈಯಲ್ಲಿಟ್ಟು, ಆಮೇಲೆ ಸೆರಗು ಸರಿಮಾಡಿಕೊಂಡು ಹತ್ತುತ್ತಿದ್ದರು. ಜಗಳಕ್ಕೆ ಸಿದ್ಧವಾಗಿ ನಿಂತ ಡ್ರೈವರುಗಳು ಕಂಗಾಲಾಗುತ್ತಿದ್ದರು. "ಅಮ್ಮಾ, ಇನ್ನೂ ಮೀಟ್ರೇ ಹಾಕಿಲ್ಲ" ಎಂದು ಒಬ್ಬಾತ ಹೇಳಿದ್ದಕ್ಕೆ, "ಹಾಕಪ್ಪ, ಯಾರು ಬೇಡ ಅಂದ್ರು? ಮಿಕ್ಕಿದ್ದು ಇಳಿಯುವಾಗ ಕೊಡು. ನೀನು ನಂಗೆ ಬಾಕಿ ಇರು, ನಾನು ನಿಂಗೆ ಇರಲ್ಲ" ಎಂದರು. ಆತ ಮೂಡಲಪಾಳ್ಯದವರೆಗೂ ನಮ್ಮನ್ನು ಕನ್ನಡಿಯಲ್ಲಿ ನೋಡುತ್ತಲೇ ಓಡಿಸಿದ.

ಬಸವೇಶ್ವರನಗರದ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಮೂಡಲಪಾಳ್ಯದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಆಂಟಿ ಚಿತ್ರದುರ್ಗದ ಕಡೆಯವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳು ಶಿವಮೊಗ್ಗದಲ್ಲಿದ್ದಳು. ವಿಜಯನಗರದ ಬಸ್ ಸ್ಟ್ಯಾಂಡಿನ ಪಾಸ್ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತು ನಿವೃತ್ತರಾದವರು. ಕುಳ್ಳಗೆ, ದುಂಡಗೆ ಇದ್ದರು. ಹಣೆಯ ವಿಭೂತಿ ಮೂರು ಗೆರೆ, ಅಳತೆಪಟ್ಟಿ ಇಟ್ಟು ಎಳೆದಷ್ಟು ನೆಟ್ಟಗೆ. ಯಾರನ್ನು ನೋಡಿದರೂ ಪಾಸಿಗೆ ಅಂಟಿಸುವ ಫೋಟೋ ನೋಡಿದ ಹಾಗೇ ನೋಡುತ್ತಿದ್ದರು. ನಾನು ಮನೆ ಕೇಳಲು ಹೋದ ದಿನ ಅವರ ಮೊದಲ ಮಾತು, "ಕೂದಲು ಹಿಂದಕ್ಕೆ ಹಾಕ್ಕೊಳವ್ವ, ಕಿವಿ ಕಾಣಿಸ್ತಿಲ್ಲ."

ಹಾಲು, ಪೇಪರು, ಟೈಲರು, ಎಲ್ಲಕ್ಕೂ ಮುಂಚೆಯೇ ದುಡ್ಡು. ಹೆಪ್ಪಿಗೆ ಒಂದು ಚಮಚ ಮೊಸರು ಬೇಕೆಂದರೆ ಎರಡು ನಿಂಬೆಹಣ್ಣು ಕೊಟ್ಟು ಆಮೇಲೆ ಬಟ್ಟಲು ಮುಂದಿಡುತ್ತಿದ್ದರು. ಸಾಲ ತೆಗೆದುಕೊಳ್ಳುತ್ತಿರಲಿಲ್ಲ, ಕೊಡುತ್ತಲೂ ಇರಲಿಲ್ಲ. ಜಗತ್ತಿನಲ್ಲಿ ಎರಡೇ ಜಾತಿ ಎಂಬುದು ಅವರ ನಂಬಿಕೆ: ಪಾಸಿನ ಜನ, ಬಾಕಿಯ ಜನ. "ಪಾಸಿನೋರು ಕಿಟಕಿ ಪಕ್ಕ ಕೂತ್ಕೊಂಡು ಹೊರಗೆ ನೋಡ್ತಾರೆ. ಬಾಕಿಯೋರು ಚೆಕಿಂಗ್ ಬಂತಾ ಅಂತ ಬಾಗಿಲು ನೋಡ್ತಾರೆ" ಎನ್ನುತ್ತಿದ್ದರು. ನನ್ನನ್ನು ಪಾಸಿನವಳೆಂದೇ ಅವರು ತಿಳಿದಿದ್ದರು. ಗಣಿತದ ಟೀಚರ್ ಅಲ್ಲವೇ!

ಇಂಥವರು ಒಂದು ದಿನ ಮೆಟ್ರೋ ಸ್ಟೇಷನ್ನಿನ ಬಾಗಿಲಲ್ಲಿ ಮೇಜು ಹಾಕಿಕೊಂಡಿದ್ದವರ ಹತ್ತಿರ ಕ್ರೆಡಿಟ್ ಕಾರ್ಡಿಗೆ ಸಹಿ ಹಾಕಿ ಬಂದರು. ಜೀವನಪೂರ್ತಿ ಫ್ರೀ ಎಂದಿದ್ದರಂತೆ. ಹತ್ತು ದಿನಕ್ಕೆ ಕಾರ್ಡು ಬಂತು. ಅವರ ಪರ್ಸಿನಲ್ಲಿದ್ದ ಮೆಟ್ರೋ ಕಾರ್ಡಿನಷ್ಟೇ ಉದ್ದ, ಅಷ್ಟೇ ಅಗಲ. ಆಂಟಿ ಅದನ್ನು ಹಿಡಿದುಕೊಂಡು ನೇರವಾಗಿ ಬ್ಯಾಂಕಿಗೆ ಹೋಗಿ, ಒಂದು ರೂಪಾಯಿಯ ಸಾಮಾನೂ ಕೊಳ್ಳುವ ಮೊದಲೇ, ಅದಕ್ಕೆ ಹತ್ತು ಸಾವಿರ ಕಟ್ಟಿಬಂದರು.

ಒಂದು ವಾರದ ಮೇಲೆ ಸಂಜೆ ಮೊಬೈಲನ್ನು ಕೈಯಲ್ಲಿ ಚಾಚಿ ಹಿಡಿದು ನನ್ನ ಮನೆಗೆ ಹತ್ತಿಬಂದರು. ಸ್ಪೀಕರಿನಲ್ಲಿ ಬ್ಯಾಂಕಿನ ಹೆಣ್ಣುಮಗಳು.

"ಮೇಡಂ, ನಿಮ್ಮ ಕಾರ್ಡಿಗೆ ಹತ್ತು ಸಾವಿರ ಜಾಸ್ತಿ ಬಂದಿದೆ. ವಾಪಸ್ ಮಾಡ್ತೀವಿ."

"ಯಾಕಮ್ಮ? ಜಾಸ್ತಿ ಅಲ್ಲ ಅದು. ರೀಚಾರ್ಜ್ ಮಾಡ್ಸಿದೀನಿ."

"ಇದಕ್ಕೆ ರೀಚಾರ್ಜ್ ಇರಲ್ಲ ಮೇಡಂ. ನೀವು ಮೊದಲು ಖರ್ಚು ಮಾಡ್ಬೇಕು, ಆಮೇಲೆ ನಮಗೆ ಕಟ್ಬೇಕು."

"ಅಯ್ಯೋ ಶಿವನೇ! ಖರ್ಚು ಮಾಡಿಬಿಟ್ಟು ನಾನು ಸತ್ತೋದ್ರೆ?"

"ಲೈನಲ್ಲೇ ಇರಿ ಮೇಡಂ" ಎಂದಳು. ನಾವು ಲೈನಲ್ಲೇ ಇದ್ದೆವು. ಹಾಡು ಬಂತು, ಆಮೇಲೆ ಲೈನೇ ಕಟ್ಟಾಯಿತು.

ವಿವರಿಸುವ ಕೆಲಸ ನನ್ನ ತಲೆಗೆ ಬಂತು. ಆಂಟಿಯ ಎರಡು ಕಾರ್ಡುಗಳನ್ನೂ ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟೆ. "ಈ ಮೆಟ್ರೋದು ಪ್ರಿಪೇಯ್ಡ್ ಆಂಟಿ. ನೀವು ಹಾಕಿದ ದುಡ್ಡೇ ಇದರಲ್ಲಿರೋದು, ನೀವು ಬಳಸೋದೂ ಅದನ್ನೇ. ಮುಗಿದ್ರೆ ಮುಗೀತು. ಈ ಇನ್ನೊಂದರಲ್ಲಿ ನಿಮ್ಮ ದುಡ್ಡು ಒಂದು ಪೈಸೆ ಇಲ್ಲ, ಎಲ್ಲ ಬ್ಯಾಂಕಿಂದು. ಇಷ್ಟರವರೆಗೆ ಬಳಸಬಹುದು ಅಂತ ಒಂದು ಮಿತಿ ಕೊಟ್ಟಿರ್ತಾರೆ. ತಿಂಗಳಿಗೊಂದು ಬಿಲ್ಲು ಬರತ್ತೆ. ಕೊನೇ ದಿನದೊಳಗೆ ಪೂರ್ತಿ ಕಟ್ಟಿದ್ರೆ ಬಡ್ಡಿ ಇಲ್ಲ. ಹಾಗೆ ಕಟ್ಟೋರಿಗೆ ಅನುಕೂಲಾನೇ."

"ಪೂರ್ತಿ ಕಟ್ಲಿಲ್ಲ ಅಂದ್ರೆ?"

"ಮಿನಿಮಮ್ ಅಂತ ಒಂದಿಷ್ಟು ಹಾಕಿರ್ತಾರೆ. ಅಷ್ಟು ಕಟ್ಟಿದ್ರೆ ಸದ್ಯಕ್ಕೆ ಸುಮ್ಮನಿರ್ತಾರೆ."

"ಮಿಕ್ಕಿದ್ದು?"

"ಬಡ್ಡಿ. ತಿಂಗಳಿಗೆ ಮೂರೂವರೆ ಪರ್ಸೆಂಟು. ಜೊತೆಗೆ ಹೊಸದಾಗಿ ಏನು ಕೊಂಡ್ರೂ ಅದಕ್ಕೂ ಕೊಂಡ ದಿನದಿಂದಾನೇ ಬಡ್ಡಿ. ಆಮೇಲೆ ಲೇಟ್ ಫೀ, ಅದರ ಮೇಲೆ ಜಿ.ಎಸ್.ಟಿ..."

ಆಂಟಿ ಕಾರ್ಡು ಬಿಟ್ಟು ನನ್ನ ಮುಖ ನೋಡತೊಡಗಿದ್ದರು, ಫೋಟೋ ನೋಡುವ ಹಾಗೆ. "ಇಷ್ಟೆಲ್ಲ ಬಾಯಿಪಾಠ ಹೆಂಗೆ ಬಂತೇ ನಿಂಗೆ?" ಅಷ್ಟರಲ್ಲಿ ನನ್ನ ಫೋನು ಗುಂಯ್‌ಗುಟ್ಟಿತು. ಕತ್ತರಿಸಿದೆ. ಮತ್ತೆ ಗುಂಯ್‌ಗುಟ್ಟಿತು. ಮತ್ತೆ ಕತ್ತರಿಸಿದೆ. "ಎತ್ತು. ಯಾರದು?" ಎಂದರು. ನಾನು ಎತ್ತಲಿಲ್ಲ, ಅತ್ತುಬಿಟ್ಟೆ.

ನನ್ನ ಕಾರ್ಡಿನ ಮೇಲೆ ಐವತ್ತನಾಲ್ಕು ಸಾವಿರ ಬಾಕಿಯಿತ್ತು. ಒಂದು ಫೋನು, ಎರಡು ರೇಷ್ಮೆ ಸೀರೆ, ಗೆಳತಿಯರ ಜೊತೆ ಒಂದು ಗೋವಾ ಪ್ರವಾಸ, ಮತ್ತು ಈಗ ನನ್ನ ಒದ್ದೆ ಬಟ್ಟೆ ಒಣಗುತ್ತಿದ್ದ ಒಂದು ಟ್ರೆಡ್‌ಮಿಲ್. ಒಂದು ವರ್ಷ ಮಿನಿಮಮ್ ಕಟ್ಟಿ, ಬಾಕಿ ಇಳಿಯುತ್ತಿದೆ ಎಂದು ನಂಬಿಕೊಂಡು, ಎರಡು ತಿಂಗಳಿಂದ ಅದನ್ನೂ ಕಟ್ಟಲಾಗದೆ ಕೂತಿದ್ದೆ. ಮಕ್ಕಳಿಗೆ ಚಕ್ರಬಡ್ಡಿ ಹೇಳಿಕೊಡುವವಳು ನಾನೇ. ಬಾಕಿಗಿಂತ ಹೆಚ್ಚು ಸುಡುತ್ತಿದ್ದುದು ಬೇರೊಂದು. ಅರ್ಜಿಯಲ್ಲಿ ಪರಿಚಯದವರ ನಂಬರ್ ಎಂದು ಅಪ್ಪನದನ್ನು ಕೊಟ್ಟಿದ್ದೆ. ಈ ತಿಂಗಳ ಕೊನೆಯೊಳಗೆ ಪೂರ್ತಿ ಕಟ್ಟದಿದ್ದರೆ ಆ ನಂಬರಿಗೆ ಫೋನ್ ಮಾಡುತ್ತೇವೆ ಎಂದು ವಸೂಲಿಯವರು ಹೇಳಿದ್ದರು. ನಮ್ಮಪ್ಪ ಹಾಸನದಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದವರು. ಕೆಲಸದಲ್ಲಿದ್ದಷ್ಟು ಕಾಲ ಕೌಂಟರಿನಲ್ಲಿ ಎಂಟಾಣೆ ಕಡಿಮೆ ಬಂದರೂ ಜೇಬಿನಿಂದ ಹಾಕಿ ಮನೆಗೆ ಬಂದವರು. ಅವರಿಗೆ ಯಾರೋ ಒಬ್ಬ ಫೋನ್ ಮಾಡಿ ನಿಮ್ಮ ಮಗಳು ದುಡ್ಡು ಕಟ್ಟಿಲ್ಲ ಎನ್ನುವುದನ್ನು ನೆನೆಯಲೂ ನನ್ನಿಂದ ಆಗುತ್ತಿರಲಿಲ್ಲ.

ಎಲ್ಲ ಕೇಳಿದ ಆಂಟಿ ತಮ್ಮ ಮೆಟ್ರೋ ಕಾರ್ಡನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದರು. "ನೋಡು, ಇದರಲ್ಲಿ ದುಡ್ಡಿಲ್ಲ ಅಂದ್ರೆ ಗೇಟು ತೆಗೆಯಲ್ಲ, ಅಷ್ಟೇ. ಬೈಯಲ್ಲ, ಫೋನ್ ಮಾಡಲ್ಲ, ಅಪ್ಪಂಗೆ ಹೇಳಲ್ಲ. ಎಷ್ಟು ಮರ್ಯಾದಸ್ತ ಗೇಟು!"

ನಾನು ಅಳುವಿನ ಮಧ್ಯೆ ನಕ್ಕೆ. ಅವರು ಸಾಲ ಕೊಡುತ್ತಾರೇನೋ ಎಂಬ ಆಸೆಯೂ ಹುಟ್ಟಿತು. ಅದು ಅವರಿಗೆ ಹೇಗೋ ಗೊತ್ತಾಯಿತು. "ಸಾಲ ಕೊಡಲ್ಲ ಕಣವ್ವ. ಕೊಟ್ರೆ ನಾಳೆಯಿಂದ ನೀನು ನನ್ನ ಕಂಡ್ರೆ ಮೆಟ್ಟಿಲಲ್ಲೇ ಬಚ್ಚಿಟ್ಕೋತೀಯ. ಒಂದು ಕೆಲಸ ಮಾಡಣ. ನಿನ್ನನ್ನೇ ಪ್ರಿಪೇಯ್ಡ್ ಮಾಡಣ."

ಮಾರನೆಯ ಬೆಳಿಗ್ಗೆ ತರಕಾರಿ ಗಾಡಿಯ ಹತ್ತಿರ ಆಂಟಿ ಕೆಲಸ ಶುರುಮಾಡಿದರು. ಮೇಲಿನ ಮನೆ ಟೀಚರ್ ಲೆಕ್ಕದ ಟ್ಯೂಷನ್ ಹೇಳ್ತಾರೆ, ಏಳೇ ಸೀಟು, ತಿಂಗಳಿಗೆ ಒಂದೂವರೆ ಸಾವಿರ, ನಾಲ್ಕು ತಿಂಗಳದ್ದು ಮುಂಗಡ. "ಮುಂಗಡ ಯಾಕೆ ನೀಲಮ್ಮೋರೆ?" ಎಂದ ತಾಯಂದಿರಿಗೆ, "ಬಸ್ ಹತ್ತಿದ ಮೇಲೆ ಪಾಸ್ ಮಾಡಿಸ್ತಾರೇನ್ರೀ?" ಎಂದು ತಿರುಗಿ ಕೇಳಿದರಂತೆ. ಹೀರೇಕಾಯಿ ತೂಗಿಸುವಷ್ಟರಲ್ಲಿ ಮೂರು ಸೀಟು ತುಂಬಿತ್ತು. ಭಾನುವಾರದೊಳಗೆ ಏಳೂ ತುಂಬಿ ನಲವತ್ತೆರಡು ಸಾವಿರ ನನ್ನ ಅಕೌಂಟಿಗೆ ಬಂತು. ಆಂಟಿ ಪ್ರತಿ ಮಗುವಿಗೂ ರಟ್ಟಿನ ಪಾಸು ತಯಾರಿಸಿದರು. ಎಡಗಡೆ ಎರಡೂ ಕಿವಿ ಕಾಣುವ ಫೋಟೋ, ಬಲಗಡೆ ತಿಂಗಳಿಗೊಂದು ಚೌಕ. ತಿಂಗಳು ಮುಗಿದಾಗ ಚೌಕಕ್ಕೆ ತೂತು. ಪಾಸು ಮರೆತು ಬಂದ ಮಗು ಮನೆಗೆ ಹೋಗಿ ತರಬೇಕಿತ್ತು, ಎದುರು ಮನೆಯದಾದರೂ ಸರಿ.

ಇನ್ನೂ ಹನ್ನೆರಡು ಸಾವಿರ ಕಡಿಮೆ ಬೀಳುತ್ತಿತ್ತು. ತಿಂಗಳ ಕೊನೆಗೆ ಎರಡೇ ದಿನ. ಆಂಟಿ ಎಂಟನೆಯ ಪಾಸೊಂದನ್ನು ತಂದು ಮುಂದಿಟ್ಟರು. ಅದರಲ್ಲಿ ಅವರದೇ ಫೋಟೋ, ಹನ್ನೆರಡು ಚೌಕ. "ಹಿರಿಯ ನಾಗರಿಕರಿಗೆ ರಿಯಾಯಿತಿ, ತಿಂಗಳಿಗೆ ಸಾವಿರ. ಒಂದು ವರ್ಷದ್ದು ತಗೋ. ನಂಗೆ ಆಲ್ಜೀಬ್ರ ಹೇಳ್ಕೊಡು. ಎಸ್ಸೆಸ್ಸೆಲ್ಸಿಯಲ್ಲಿ ಹೆಂಗೋ ಪಾಸಾದೆ, ಆದ್ರೆ ಆ ಎಕ್ಸ್ ಅಂದ್ರೆ ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ."

ಇದು ನನಗಾಗಿ ಹೂಡಿದ ನೆಪವೆಂದು ನಾಚಿಕೆಯಾಯಿತು. "ಬೇಡ ಆಂಟಿ" ಎಂದೆ. ಅವರಿಗೆ ಸಿಟ್ಟು ಬಂತು. "ಪುಕ್ಕಟೆ ಕೊಡ್ತಿಲ್ಲ ತಾಯಿ. ಪಾಠ ಸರಿಯಾಗಿಲ್ಲ ಅಂದ್ರೆ ಕಂಪ್ಲೇಂಟ್ ಬರೀತೀನಿ."

ಆ ರಾತ್ರಿಯೇ ಪೂರ್ತಿ ಕಟ್ಟಿದೆ. "ಸೊನ್ನೆ ತೋರಿಸು" ಎಂದರು. ಮೊಬೈಲಿನಲ್ಲಿ ಸೊನ್ನೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದರು. ಅಪ್ಪನಿಗೆ ಯಾರೂ ಫೋನ್ ಮಾಡಲಿಲ್ಲ. ಕಾರ್ಡನ್ನು ಬಿಸಾಡಲು ಹೊರಟರೆ ತಡೆದು, "ಇಟ್ಕೋ. ಮೊದಲು ದುಡ್ಡು ಹಾಕು, ಆಮೇಲೆ ಉಜ್ಜು" ಎಂದರು. ಅವರ ಮಾತಿನಂತೆ ಎರಡು ಸಾವಿರ ಹಾಕಿದೆ. ಮುಂದಿನ ವಾರ ಬ್ಯಾಂಕಿನಿಂದ ನನಗೂ ಫೋನು ಬಂತು: ಮೇಡಂ, ಜಾಸ್ತಿ ಬಂದಿದೆ.

ಆಂಟಿಯ ಆಲ್ಜೀಬ್ರ ನೆಪವಾಗಿರಲಿಲ್ಲ. ಸಂಜೆ ಏಳು ಮಕ್ಕಳ ಜೊತೆ ಆಂಟಿಯೂ ಪಾಸು ತೋರಿಸಿ ಗೋಡೆಗೆ ಒರಗಿ ಕೂರುತ್ತಿದ್ದರು. ಎಕ್ಸ್ ಮೇಲೆ ಅವರಿಗೆ ದೊಡ್ಡ ಅನುಮಾನ. "ನಿನ್ನೆ ಏಳು ಅಂದ, ಇವತ್ತು ಮೂರು ಅಂತಾನೆ. ಇಂಥೋನಿಗೆ ನಾನು ಪಾಸೇ ಕೊಡ್ತಿರಲಿಲ್ಲ." ಮೈನಸ್ಸು ಸಮಚಿಹ್ನೆ ದಾಟಿದರೆ ಪ್ಲಸ್ಸಾಗುವುದನ್ನಂತೂ ಅವರು ಕೊನೆಗೂ ಕ್ಷಮಿಸಲಿಲ್ಲ. ಮರೆತು ಮೈನಸ್ಸನ್ನೇ ಇಡುತ್ತಿದ್ದರು, ತಿದ್ದಿದರೆ ಮೂಗು ಮುರಿಯುತ್ತಿದ್ದರು. ನನಗೆ ಜ್ವರ ಬಂದು ಮೂರು ದಿನ ಪಾಠ ತಪ್ಪಿದಾಗ ಮಕ್ಕಳು ಕುಣಿದರು. ಆಂಟಿ ಮಾತ್ರ ರಸಂ ತಂದುಕೊಟ್ಟು, "ಮೂರು ದಿನ ಮುಂದಕ್ಕೆ ಹಾಕಿದೀನಿ" ಎಂದು ಪಾಸಿನ ಅಂಚಿನಲ್ಲಿ ಬರೆದುಕೊಂಡರು. ಅವರಿಗೆ ಕಲಿಸುವ ಆ ಒಂದು ಗಂಟೆ ನನ್ನ ದಿನದ ಬಹಳ ಒಳ್ಳೆಯ ಗಂಟೆಯಾಗಿತ್ತು.

ಏಳನೆಯ ತೂತು ಹೊಡೆದ ಮರುವಾರ ಆಂಟಿಗೆ ಕೆಮ್ಮು ಜೋರಾಗಿ ನಾಗರಬಾವಿ ಕಡೆಯ ಒಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗಳು ಶಿವಮೊಗ್ಗದಿಂದ ಓಡಿಬಂದಳು. ನಾನು ನೋಡಲು ಹೋದಾಗ ಮೂಗಿಗೆ ಆಕ್ಸಿಜನ್ ನಳಿಕೆಯಿತ್ತು. ಆಸ್ಪತ್ರೆಯವರು ಕೇಳಿದ್ದಕ್ಕಿಂತ ಜಾಸ್ತಿ ಅಡ್ವಾನ್ಸನ್ನು ಅಮ್ಮ ಹಟ ಹಿಡಿದು ಕಟ್ಟಿಸಿದ್ದಾರೆಂದು ಮಗಳು ದೂರಿದಳು. ಆಂಟಿ ಅದನ್ನು ಕಿವಿಗೆ ಹಾಕಿಕೊಳ್ಳದೆ ದಿಂಬಿನ ಕೆಳಗಿಂದ ನೋಟ್‌ಬುಕ್ ತೆಗೆದರು. "ಸುಮ್ನೆ ಬಂದು ಹೋಗ್ತೀಯಾ? ಹೋಮ್‌ವರ್ಕ್ ಕೊಟ್ಟೋಗು." ಐದು ಲೆಕ್ಕ ಬರೆದುಕೊಟ್ಟೆ. "ಸುಲಭದ್ದು ಕೊಟ್ಟಿದೀಯ" ಎಂದು ಗೊಣಗಿದರು. ನಾಲ್ಕನೆಯ ದಿನ ಬೆಳಿಗ್ಗೆ ಮಗಳು ಫೋನ್ ಮಾಡಿದಳು: ಅಮ್ಮ ಹೋಗ್ಬಿಟ್ರು ಟೀಚರ್.

ಶಿವಗಣಾರಾಧನೆ ಮುಗಿದ ಮೇಲೆ ಐದು ಸಾವಿರವನ್ನು ಕವರಿನಲ್ಲಿಟ್ಟುಕೊಂಡು ಕೆಳಗೆ ಹೋದೆ. ಐದು ಚೌಕ ಹಾಗೇ ಉಳಿದಿವೆ, ಇದು ಅಮ್ಮನ ದುಡ್ಡು ಎಂದೆ. ಮಗಳು ಒಳಗಿಂದ ಆಂಟಿಯ ಪಾಸನ್ನು ತಂದು ತಿರುಗಿಸಿ ತೋರಿಸಿದಳು. ಹಿಂದೆ ಆಂಟಿಯ ದುಂಡನೆಯ ಅಕ್ಷರ: ಹಣ ವಾಪಸ್ ಇಲ್ಲ. ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. "ಅಮ್ಮ ಬರೆದಿದ್ದನ್ನ ನಾನು ಹೆಂಗೆ ಮೀರಲಿ ಟೀಚರ್?" ಎಂದಳು. ಪಾಸಿನ ಜೊತೆ ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟಳು.

ಮೇಲೆ ಬಂದು ಕೆಂಪು ಪೆನ್ನು ತೆಗೆದೆ. ನಾಲ್ಕು ಲೆಕ್ಕ ಸರಿಯಿದ್ದವು. ಐದನೆಯದರಲ್ಲಿ ಮೈನಸ್ಸು ದಾಟಿದ ಮೇಲೂ ಮೈನಸ್ಸಾಗಿಯೇ ಉಳಿದಿತ್ತು. ತಪ್ಪು ಎಲ್ಲಿದೆ ಎಂದು ಪಕ್ಕದಲ್ಲಿ ವಿವರವಾಗಿ ಬರೆದೆ, ಓದುತ್ತಾರೆಂಬಂತೆ.

ಅವರಿಗೆ ನಾನು ಐದು ತಿಂಗಳ ಪಾಠ ಬಾಕಿಯಿದ್ದೇನೆ. ಈ ಬಾಕಿ ಕೇಳಿ ಯಾರೂ ಫೋನ್ ಮಾಡುವುದಿಲ್ಲ. ಮಾಡಿದ್ದರೆ ಎತ್ತುತ್ತಿದ್ದೆ.