ಗಂಗಕ್ಕನ ಢೋಲು

ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಒಂದು ಹುಳಿ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ಬೊರಿವಲಿಯ ಈ ಅಡುಗೆಮನೆಯಲ್ಲಿ ನಿಂತವಳು ಕುರ್ಲಾದ ನಮ್ಮ ಒಂಟಿಕೋಣೆ ಮನೆಗಳ ಚಾಳಿಗೆ ಹೋಗಿಬಿಡುತ್ತೇನೆ. ಕೈಯಲ್ಲಿ ದೇವರ ದೀಪದ ಸಮೆ ಇದ್ದರೂ ನೆನಪಾಗುವುದು ಬ್ಯೂಗಲ್ಲುಗಳು. ನಮ್ಮ ಕನ್ನಡ ಶಾಲೆಯ ಬ್ಯಾಂಡಿನ ಬ್ಯೂಗಲ್ಲುಗಳನ್ನು ಶನಿವಾರ ಮನೆಗೆ ತಂದು, ಖೋಲಿಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಸಾಲಾಗಿ ಕೂತು, ಅವ್ವ ಕೊಟ್ಟ ಹುಣಸೆಹಣ್ಣಿನಿಂದ ಫಳಫಳ ಹೊಳೆಯುವಂತೆ ತಿಕ್ಕುತ್ತಿದ್ದೆವು. ನೀವೂ ಚಾಳಿನಲ್ಲಿ ಬೆಳೆದವರಾದರೆ ಬಲ್ಲಿರಿ, ಅಲ್ಲಿ ಯಾವ ಕೆಲಸವೂ ಒಬ್ಬರದಾಗಿ ಉಳಿಯುತ್ತಿರಲಿಲ್ಲ. ಪಕ್ಕದ ಖೋಲಿಯವರೂ ಬೂದಿ ಹಿಡಿದುಕೊಂಡು ಬಂದು ಕೂರುತ್ತಿದ್ದರು.

ನಮ್ಮ ಚಾಳು, ಶಾಲೆ ಎರಡೂ ರೈಲು ಹಳಿಗೆ ಅಂಟಿಕೊಂಡೇ ಇದ್ದವು. ಲೋಕಲ್ ಬಂದರೆ ಗೋಡೆಯ ಕ್ಯಾಲೆಂಡರೂ ನಡುಗುತ್ತಿತ್ತು. ಆಗ ಎಲ್ಲರೂ ಮಾತು ನಿಲ್ಲಿಸಲೇಬೇಕು. ನಳದ ಹತ್ತಿರ ಜಗಳಕ್ಕೆ ನಿಂತ ಹೆಂಗಸರು ಸಹ ಎತ್ತಿದ ಕೈ ಇಳಿಸದೆ, ಕಣ್ಣು ಕೆಕ್ಕರಿಸಿಕೊಂಡು ಸುಮ್ಮನೆ ಕಾದು, ಗಾಡಿ ಹೋದಮೇಲೆ ಅರ್ಧಕ್ಕೆ ಬಿಟ್ಟ ಬೈಗುಳದಿಂದಲೇ ಮುಂದುವರಿಸುತ್ತಿದ್ದರು. ನಮಗೆ ಬ್ಯಾಂಡ್ ಕಲಿಸಿದ ಮಠಪತಿ ಮಾಸ್ತರದೂ ಅದೇ ಪದ್ಧತಿ. ತಾಲೀಮಿನ ನಡುವೆ ಲೋಕಲ್ ಬಂದರೆ ಕೈ ಎತ್ತುತ್ತಿದ್ದರು, ನಾವು ನಿಲ್ಲುತ್ತಿದ್ದೆವು. ಗಾಡಿ ದಾಟಿದ ಕೂಡಲೇ ಬಿಟ್ಟಲ್ಲಿಂದ ಹಿಡಿಯುತ್ತಿದ್ದೆವು. ಬರಬರುತ್ತ ಅವರು ಕೈ ಎತ್ತುವುದೂ ಬೇಕಾಗಲಿಲ್ಲ.

ದೊಡ್ಡ ಢೋಲು ನಮ್ಮ ಅಕ್ಕ ಗಂಗಾಳದು. ಅವಳಿನ್ನೂ ಆರನೇ ಇಯತ್ತೆ. ಏಳನೇ ತರಗತಿಯ ಹುಡುಗರ ಕಣ್ಣೆಲ್ಲ ಅದರ ಮೇಲಿತ್ತು. "ದಿನಾ ರೊಟ್ಟಿ ಬಡಿಯೂ ಕೈ ಐತಿ ಆಕೀದು, ತಾಳ ತಪ್ಪಂಗಿಲ್ಲ," ಎಂದು ಮಾಸ್ತರು ಅದನ್ನು ಅವಳ ಕೊರಳಿಗೇ ಹಾಕಿದರು. ಮಿಲ್ಲಿನ ರಾತ್ರಿಪಾಳಿ ಮುಗಿಸಿ ಬಂದ ಅಪ್ಪ ಹಗಲೆಲ್ಲ ಮಲಗುತ್ತಿದ್ದರಿಂದ ನಾವು ಮನೆಯಲ್ಲಿ ಪಿಸುಮಾತಿನಲ್ಲೇ ಬೆಳೆದವರು. ಅಕ್ಕನಿಗಂತೂ ಬಾಯೇ ಇಲ್ಲವೇನೋ ಅನ್ನಿಸುತ್ತಿತ್ತು. ಢೋಲು ಕೊರಳಿಗೆ ಬಿದ್ದರೆ ಮಾತ್ರ ಅವಳ ಗದ್ದ ಮೇಲೇಳುತ್ತಿತ್ತು. ಪಕ್ಕದಲ್ಲಿ ಟ್ರಯಾಂಗಲ್ ಹಿಡಿದು ನಿಂತ ನನಗೆ ಅವಳನ್ನು ನೋಡಿ ಹೊಟ್ಟೆಕಿಚ್ಚೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಆದರೆ ವಾದ್ಯಗಳು ಶಾಲೆಯ ಸ್ವಂತದವಲ್ಲ, ಮೇಲಿನ ಕಚೇರಿಯವರು ವರ್ಷದ ಮಟ್ಟಿಗೆ ಕೊಟ್ಟವು. ದಾದರಿನಲ್ಲಿ ನಡೆಯುವ ಬ್ಯಾಂಡ್ ಪರೀಕ್ಷೆಯಲ್ಲಿ ಒಳ್ಳೆಯ ಶ್ರೇಣಿ ಬಂದರೆ ನಮ್ಮಲ್ಲೇ ಉಳಿಯುತ್ತವೆ, ಇಲ್ಲವಾದರೆ ಬೇರೆ ಶಾಲೆಗೆ ಹೋಗುತ್ತವೆ. ಇನ್ನೊಂದು ವರ್ಷ ಢೋಲು ತನ್ನದಾಗಿರಲಿ ಎಂದು ಅಕ್ಕ ಸೋಮವಾರ ಉಪವಾಸ ಹಿಡಿದಳು.

ದಾದರಿನ ಆ ದೊಡ್ಡ ಶಾಲೆಯ ಸಭಾಂಗಣದಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರದ ಮಕ್ಕಳನ್ನು ನೋಡಿಯೇ ನಮ್ಮ ಜೀವ ಬಾಯಿಗೆ ಬಂದಿತ್ತು. ಮುಂದೆ ಮೇಜು ಹಾಕಿಕೊಂಡು ಮೂವರು ಪರೀಕ್ಷಕರು ಕೂತಿದ್ದರು. ಆದರೆ ಅಕ್ಕ ಮೊದಲ ಪೆಟ್ಟು ಹಾಕಿದ್ದೇ ತಡ, ಹೆದರಿಕೆ ಎಲ್ಲಿ ಹೋಯಿತೋ. ಅಷ್ಟು ಚೆನ್ನಾಗಿ ನಾವು ಎಂದೂ ಬಾರಿಸಿರಲಿಲ್ಲ. ಪರೀಕ್ಷಕರಲ್ಲೊಬ್ಬರ ತಲೆ ತೂಗತೊಡಗಿತ್ತು. ಅಷ್ಟರಲ್ಲಿ ಕಿಟಕಿಯಾಚೆ ಲೋಕಲ್ ಬಂತು. ಬ್ಯೂಗಲ್ಲುಗಳು ತುಟಿಯಿಂದ ಇಳಿದವು, ಅಕ್ಕನ ಕೋಲು ಗಾಳಿಯಲ್ಲೇ ನಿಂತಿತು, ಇಡೀ ಬ್ಯಾಂಡು ಗಪ್‌ಚಿಪ್. ಮಠಪತಿ ಮಾಸ್ತರು ಬದಿಯಲ್ಲಿ ತಲೆಯ ಮೇಲೆ ಕೈಹೊತ್ತರು. ಸಭೆಯಲ್ಲಿ ಕಿಸಕ್ಕನೆ ನಗು. ಗಾಡಿ ಹೋಯಿತು, ನಾವು ಬಿಟ್ಟ ಪೆಟ್ಟಿನಿಂದಲೇ ಒಟ್ಟಿಗೆ ಎತ್ತಿಕೊಂಡು ಮುಗಿಸಿದೆವು. ತಪ್ಪು ಮಾಡಿದ್ದೇವೆಂದು ನಮಗೆ ಹೊಳೆದೇ ಇರಲಿಲ್ಲ.

"ಬೇಟಿ, ಬೀಚ್ ಮೇ ರುಕ್ ಕ್ಯೋಂ ಗಯೇ?" ನಡುವೆ ನಿಂತದ್ದೇಕೆ ಎಂದು ಹಿರಿಯ ಪರೀಕ್ಷಕರು ಅಕ್ಕನನ್ನು ಕೇಳಿದರು.

"ಗಾಡಿ ಬಂತಲ್ರೀ ಸರ್," ಎಂದಳು ಅಕ್ಕ, ಇದೇನು ಕೇಳುತ್ತಾರೆ ಎಂಬಂತೆ.

ಮಾಸ್ತರು ಹಿಂದಿಯಲ್ಲಿ ಬಿಡಿಸಿ ಹೇಳಿದಾಗ ಆ ಹಿರಿಯರು ನಗಲಿಲ್ಲ. ಹೀಗೆ ಒಂದೇ ಉಸಿರಿಗೆ ನಿಂತು ಒಂದೇ ಉಸಿರಿಗೆ ಹೊರಡುವ ಬ್ಯಾಂಡನ್ನು ತಾವು ಕಂಡಿಲ್ಲ ಎಂದರು. ಆದರೂ ನಡುವೆ ನಿಂತ ವಾದನಕ್ಕೆ ಶ್ರೇಣಿ ಕೊಡಲು ನಿಯಮವಿಲ್ಲ ಎಂದು ಅವರೇ ಹೇಳಬೇಕಾಯಿತು. ಪಾಪ, ಅವರ ಮುಖವೂ ಸಪ್ಪಗಾಗಿತ್ತು.

ವಾದ್ಯಗಳನ್ನು ಒಯ್ಯಲು ಟೆಂಪೊ ಬಂದ ದಿನ ಅಕ್ಕ ಢೋಲನ್ನು ತನ್ನ ಲಂಗದಿಂದ ಒರೆಸಿ, ತಾನೇ ಎತ್ತಿ ಕೊಟ್ಟಳು. ಅಳಲಿಲ್ಲ. ಮಧ್ಯಾಹ್ನ ನಿದ್ದೆಯಿಂದೆದ್ದ ಅಪ್ಪ ಹಿಟ್ಟಿನ ಡಬ್ಬಿಯನ್ನು ಅವಳ ಮುಂದೆ ಸರಿಸಿ, "ಇದರ ಮ್ಯಾಲರೆ ಬಾರಸವಾ. ನನ್ನ ನಿದ್ದಿ ಕೆಡಂಗಿಲ್ಲ," ಎಂದರು. ಅಕ್ಕ ತಲೆ ಅಲ್ಲಾಡಿಸಿ, ಡಬ್ಬಿಯನ್ನು ಅದರ ಜಾಗದಲ್ಲಿಟ್ಟು, ಒಲೆಯ ಮುಂದೆ ಹೋಗಿ ಕೂತಳು. ಮತ್ತೆಂದೂ ಅವಳು ಢೋಲಿನ ಮಾತೆತ್ತಲಿಲ್ಲ.

ಅಪ್ಪ, ಅವ್ವ, ಮಾಸ್ತರು ಎಲ್ಲ ಹೋದರು. ಚಾಳನ್ನೂ ಕೆಡವಿದರು. ಹೋದ ವರ್ಷ ಅಕ್ಕನೂ ಹೋದಳು. ತಿಥಿಯ ಊಟಕ್ಕೆ ಹಳೆಯ ಬ್ಯಾಂಡಿನವರು ಬಂದಿದ್ದರು, ಎಲ್ಲರ ತಲೆಯೂ ನೆರೆತಿತ್ತು. ಊಟವಾದಮೇಲೆ ಒಬ್ಬರು ದಾದರಿನಲ್ಲಿ ಬಾರಿಸಿದ್ದ ಆ ಧಾಟಿಯನ್ನು ಮೆಲ್ಲಗೆ ಗುನುಗತೊಡಗಿದರು. ಒಬ್ಬೊಬ್ಬರಾಗಿ ನಾವೆಲ್ಲ ಸೇರಿಕೊಂಡೆವು. ಯಾರೂ ತಾಳ ಹಾಕಲಿಲ್ಲ. ಅದು ಅಕ್ಕನ ಕೆಲಸವಾಗಿತ್ತು.